ಸುದ್ದಿ ದಾಟಬೇಕು, ಸಿಡಿಲು ದಾಟಬಾರದು

ಕೊಲ್ಲಮೊಗ್ರಿನಲ್ಲಿ ಅಡಿಕೆ ಮರ ನೀರು ಕೇಳುವುದೂ ಸಿಡಿಲು ಬೀಳುವುದೂ ಒಂದೇ ಕಾಲದಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ. ನಮ್ಮ ಟ್ಯಾಂಕಿ ಗುಡ್ಡದ ಮೇಲೆ, ಪಂಪು ಹೊಳೆಬದಿಯಲ್ಲಿ. ನಡುರಾತ್ರಿ ತ್ರೀಫೇಸ್ ಕರೆಂಟು ಬಂದರೆ ಅಪ್ಪ ಟಾರ್ಚು ಹಿಡಿದು ಇಳಿಯುತ್ತಿದ್ದರು. ಅವರಿಗೆ ಎಪ್ಪತ್ತು ದಾಟಿದ ಮೇಲೆ ನಾನು ಪಂಪುಶೆಡ್ಡಿನಲ್ಲಿ ಪುಟ್ಟ ಕಂಪ್ಯೂಟರೊಂದನ್ನು ಇಟ್ಟು, ಅದಕ್ಕೆ ರಿಲೇ ಬೋರ್ಡು ಜೋಡಿಸಿದೆ.

ಟ್ಯಾಂಕಿಯ ಫ್ಲೋಟ್ ಸ್ವಿಚ್ಚಿನಿಂದ ಬರುವ ಉದ್ದನೆಯ ತಂತಿ ನೀರಿನ ಸುದ್ದಿಯ ಜೊತೆಗೆ ಸಿಡಿಲಿನ ಹೊಡೆತವನ್ನೂ ಹೊತ್ತು ತರಬಲ್ಲದು. ಆದ್ದರಿಂದ ಈ ಬೋರ್ಡಿನಲ್ಲಿ ಅದು ಕಂಪ್ಯೂಟರನ್ನು ಮುಟ್ಟುವುದೇ ಇಲ್ಲ. ಆಪ್ಟೋಕಪ್ಲರ್ ಎಂಬ ಕಡಲೆಕಾಳಿನಷ್ಟು ಚಿಪ್ಪಿನೊಳಗೆ ಒಂದು ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಎದುರಿಗಿರುವ ಫೋಟೊಟ್ರಾನ್ಸಿಸ್ಟರ್ ಆ ಬೆಳಕನ್ನು ಕಂಡು ಸುದ್ದಿ ಮುಟ್ಟಿಸುತ್ತದೆ. ನಡುವೆ ತಂತಿಯಿಲ್ಲ. ಪಿಸಿ817 ಎಂಬ ಸಾಮಾನ್ಯ ಚಿಪ್ಪು 5000 ವೋಲ್ಟಿನವರೆಗೆ ತಡೆಯುತ್ತದೆ. ಎರಡೂ ಬದಿಗೆ ಒಂದೇ ಪವರ್ ಸಪ್ಲೈ ಕೊಟ್ಟರೆ ಆ ಅಂತರ ಬರೀ ಹೆಸರಿಗೆ. ಬೇರೆ ಬೇರೆ ಕೊಟ್ಟೆ.

ಇನ್ನೊಂದು ಬದಿಯಲ್ಲಿ ರಿಲೇ. ಸಣ್ಣ ಸುರುಳಿ ಅಯಸ್ಕಾಂತವಾಗಿ ಲೋಹದ ಪಟ್ಟಿಯನ್ನು ಎಳೆದಾಗ 'ಟಿಕ್' ಎನ್ನುತ್ತದೆ. ಮೋಟಾರಿನ ಭಾರವನ್ನು ಅದು ಹೊರಲಾರದು. ಸ್ಟಾರ್ಟರಿನ ಕಾಂಟ್ಯಾಕ್ಟರನ್ನು ಎಬ್ಬಿಸಿದರೆ ಸಾಕು.

ನೇರ ಸಿಡಿಲಿನ ಮುಂದೆ ಇದ್ಯಾವುದೂ ನಿಲ್ಲದು. ಮೋಡ ಕಪ್ಪಾಗತೊಡಗಿದರೆ ಪ್ಲಗ್ಗನ್ನೂ ಟ್ಯಾಂಕಿಯ ತಂತಿಯನ್ನೂ ಕಳಚುವವರು ಅಪ್ಪನೇ. "ನಿನ್ನ ಪೆಟ್ಟಿಗೆಗೆ ಬೆಳಕು ಕಾಣುತ್ತದೆ ಮಾರಾಯ, ಮೋಡ ಕಾಣುವುದಿಲ್ಲ" ಎನ್ನುತ್ತಾರೆ. ಸ್ಟಾರ್ಟರಿನ ಹಸಿರು ಬಟನ್ನನ್ನು ಹಾಗೇ ಉಳಿಸಿದ್ದೇನೆ. ರಾತ್ರಿಯ ಇಳಿಜಾರು ತಪ್ಪಿತು. ಆಕಾಶ ನೋಡುವ ಕೆಲಸ ಮನುಷ್ಯರಿಗೇ ಉಳಿದಿದೆ.