ಆರಿದ್ರಾ ಮಳೆಯಲ್ಲಿ ಪಾಯ

ಸಿದ್ದಾಪುರ (ಉತ್ತರ ಕನ್ನಡ)
ಆರಿದ್ರಾ ಮಳೆ

ಪ್ರೀತಿಯ ಅಣ್ಣ,

ಹುಬ್ಬಳ್ಳಿ ಬಿಡುವಾಗ ಬಸ್ಸಿನ ಕಿಟಕಿಗಳೆಲ್ಲ ತೆರೆದೇ ಇದ್ದವು. ಮುಂಡಗೋಡ ದಾಟಿದ ಮೇಲೆ ಒಂದೊಂದಾಗಿ ಮುಚ್ಚಿಕೊಂಡವು. ಶಿರಸಿಗೆ ಬರುವಷ್ಟರಲ್ಲಿ ಹೊರಗೆ ರಸ್ತೆಯೇ ಕಾಣದಂಥ ಮಳೆ. ನಮ್ಮ ಗದಗಿನ ಕಡೆ ವರ್ಷಪೂರ್ತಿ ಬೀಳುವುದು 600 ಚಿಲ್ಲರೆ ಮಿಲಿಮೀಟರು. ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ನೀನು ಕಳಿಸಿದ ಶೇಂಗಾ ಚಟ್ನಿ, ರೊಟ್ಟಿ ಗಂಟು ಒಣಗಿದ್ದಂತೆಯೇ ಮುಟ್ಟಿವೆ. ನಾನು ಇಳಿದುಕೊಂಡಿರುವ ಮಾಸ್ತರರ ಮನೆಯವರು ನಿನಗೆ ನಮಸ್ಕಾರ ಹೇಳಿದ್ದಾರೆ.

ಮಳೆಗಾಲದಲ್ಲಿ ಯಾರಾದರೂ ಪಾಯ ತೋಡುತ್ತಾರೇನೋ ಎಂದು ಫೋನಿನಲ್ಲಿ ನಕ್ಕೆಯಲ್ಲ, ಇಲ್ಲಿಯ ಊರವರೂ ನಗುತ್ತಿದ್ದಾರೆ. ಮಲೆನಾಡಿನಲ್ಲಿ ಮನೆ ಕೆಲಸ ಹಿಡಿಯುವುದು ದೀಪಾವಳಿ ಕಳೆದ ಮೇಲೆಯೇ. ಆದರೆ ಮಾಸ್ತರರು ತಮ್ಮ ಹೊಸ ಮನೆಯ ಕೆಲಸವನ್ನು ಗುತ್ತಿಗೆಗೆ ಕೊಟ್ಟಿಲ್ಲ. ತಾವು, ಮಗ, ಕೆಳಮನೆಯ ಒಬ್ಬ ಹಳೇ ಮೇಸ್ತ್ರಿ, ಇಷ್ಟೇ ಜನ. ಬೇಸಿಗೆಯಲ್ಲಿ ಹಾರೆ ಹಾಕಿದರೆ ಕಿಡಿ ಹಾರುವ ನೆಲ ಈಗ ಗುದ್ದಲಿಗೆ ಬಗ್ಗುತ್ತದೆ ಎನ್ನುವುದು ಅವರ ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ಹಿಡಿಸಿತು: ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಮನೆ ಕಟ್ಟುವ ಮೊದಲೇ ನೋಡಬೇಕಂತೆ, ಅದನ್ನು ಬೇಸಿಗೆ ತೋರಿಸುವುದಿಲ್ಲ.

ಜಾಗ ಇಳಿಜಾರು. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಗುಡ್ಡ, ನಡುವೆ ಮನೆ. ಹೀಗಾಗಿ ಪಾಯ ತೋಡುವ ಮೊದಲು ಗುಡ್ಡದ ಕಡೆಗೆ ಅಡ್ಡವಾಗಿ ಒಂದು ಕಾಲುವೆ ತೆಗೆದು, ಇಳಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿದರು. ಆಮೇಲೆಯೇ ಗೂಟ, ದಾರ, ಸುಣ್ಣದ ಗೆರೆ. ಸುಣ್ಣ ಒಂದೇ ರಾತ್ರಿಗೆ ತೊಳೆದುಹೋಗುವುದರಿಂದ ಗೂಟಗಳನ್ನೇ ಗೆರೆಯಿಂದ ನಾಲ್ಕಡಿ ಆಚೆ ಬಡಿದಿದ್ದಾರೆ, ದಾರ ಬಿಚ್ಚಿದರೂ ಮತ್ತೆ ಅದೇ ಜಾಗಕ್ಕೆ ಕಟ್ಟಬಹುದು. ಮೂಲೆ ಸರಿಯಿದೆಯೋ ಎಂದು 3, 4, 5 ಅಡಿ ಅಳೆದು ನೋಡುವುದು ನಮ್ಮಲ್ಲಿಯಂತೆಯೇ. ಇಳಿಜಾರಿಗೆ ತಕ್ಕಂತೆ ಪಾಯದ ತಳವನ್ನು ಓರೆಯಾಗಿ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ, ಪ್ರತಿ ಮೆಟ್ಟಿಲೂ ಸಮಮಟ್ಟ.

ನಾನೂ ಕೊಪ್ಪೆ ಹೊದ್ದು ಇಳಿದೆ. ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದು ಗೊತ್ತಾಗುವುದು ರಕ್ತ ಕಂಡಾಗಲೇ. ಸುಣ್ಣ ಹಚ್ಚಿದರೆ ಬಿಡುತ್ತದೆ, ಪಾಯಕ್ಕೆ ತಂದ ಸುಣ್ಣ ಹೆಚ್ಚು ಖರ್ಚಾಗಿದ್ದು ಇದಕ್ಕೇ ಇರಬೇಕು!

ಮೇಲಿನ ಕೆಂಪು ಮಣ್ಣು ನೆನೆದು ಜಾರುತ್ತದೆ. ಆದ್ದರಿಂದ ತೆಗೆದ ಮಣ್ಣನ್ನು ಅಂಚಿನಲ್ಲಿ ಗುಡ್ಡೆ ಹಾಕಲು ಮೇಸ್ತ್ರಿ ಬಿಡುವುದೇ ಇಲ್ಲ, ಐದಡಿ ಆಚೆಗೆ ಹೊರಿಸುತ್ತಾನೆ. ಅಂಚಿಗೆ ಭಾರ ಬಿದ್ದಷ್ಟೂ ಧರೆ ಬೇಗ ಕುಸಿಯುತ್ತದೆ. ಒಂದು ಘನ ಮೀಟರ್ ಹಸಿ ಮಣ್ಣು ಹೆಚ್ಚುಕಡಿಮೆ ಎರಡು ಟನ್ ತೂಗುತ್ತದೆ, ಸೊಂಟದವರೆಗೆ ಬಿದ್ದರೂ ಮನುಷ್ಯ ಎಳೆದುಕೊಂಡು ಬರಲಾರ. ಎದೆಮಟ್ಟಕ್ಕಿಂತ ಆಳದ ಗುಂಡಿಗೆ ಹಲಗೆ, ಅಡ್ಡಗೂಟ ಕೊಡದೆ ಯಾರನ್ನೂ ಇಳಿಸಬಾರದು. ಇದನ್ನು ಊರಿನಲ್ಲಿ ನಮ್ಮ ಮನೆ ಕಟ್ಟಲಿರುವ ಮೇಸ್ತ್ರಿಗೂ ಹೇಳು, ಅವನು ನಕ್ಕರೆ ನಗಲಿ.

ಕೆಂಪು ಮಣ್ಣಿನ ಕೆಳಗೆ ಚಿರೆಕಲ್ಲಿನ ಪದರ. ನೆಲದೊಳಗಿದ್ದಾಗ ಕೊಡಲಿಯಲ್ಲಿ ಕತ್ತರಿಸಬಹುದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಹಾರೆ ಅಲ್ಲಿ ಠಣ್ ಎಂದಾಗ ಮೇಸ್ತ್ರಿ ಸಾಕು ಎಂದ. ಮೂರಡಿಯೂ ಆಗಿರಲಿಲ್ಲ. ಎರೆಮಣ್ಣಿನಲ್ಲಿ ಬೆಳೆದ ನನಗೆ ಇದು ಮೋಸವೆನಿಸಿತು, ಇನ್ನೂ ಎರಡಡಿ ಹೋಗೋಣ ಎಂದೆ. ಅವನು ಮಾತಾಡದೆ ಕೆಳಗಿನ ಮೂಲೆಗೆ ಕರೆದೊಯ್ದ. ಅಲ್ಲಿ ಚಿರೆಕಲ್ಲಿನ ಪದರ ತೆಳ್ಳಗಿದ್ದು ಒಡೆದುಹೋಗಿತ್ತು. ಅದರಡಿ ಬಿಳಿ, ಹಳದಿ, ನಸುಗೆಂಪು ಬೆರೆತ ಶೇಡಿಮಣ್ಣು. ಹಾರೆ ಊರಿದರೆ ತಾನೇ ಇಳಿಯಿತು. ಒಣಗಿದಾಗ ಗಟ್ಟಿಯಾಗಿರುವ ಈ ಮಣ್ಣು ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಕರಾವಳಿ, ಘಟ್ಟಗಳಲ್ಲಿ ಕಡಿದ ಧರೆ ಜರಿಯುವುದಕ್ಕೆ ಇದೂ ಒಂದು ಕಾರಣ. ಅಂದರೆ ಇಲ್ಲಿ ಆಳಕ್ಕೆ ಹೋದಷ್ಟೂ ಕೇಡು. ಗಟ್ಟಿ ಮೇಲಿದೆ, ಮೆತ್ತಗಿನದು ಕೆಳಗಿದೆ. ನಮ್ಮಲ್ಲಿ ತದ್ವಿರುದ್ಧ: ಎರೆಮಣ್ಣನ್ನೆಲ್ಲ ದಾಟಿ ಗಟ್ಟಿ ಗರಸು ಮುಟ್ಟಬೇಕು. ಎಷ್ಟು ಅಡಿ ತೋಡಿದೆ ಎಂದು ಕೇಳುವುದಕ್ಕಿಂತ ಯಾವುದರ ಮೇಲೆ ನಿಲ್ಲಿಸಿದೆ ಎಂದು ಕೇಳಬೇಕು.

ಆ ಮೂಲೆಗೆ ಬರಬೇಕಿದ್ದ ಕೋಣೆಯನ್ನು ಮಾಸ್ತರರು ನಕ್ಷೆಯಿಂದಲೇ ತೆಗೆದುಬಿಟ್ಟರು. ಸ್ವಂತ ಕೈಯಲ್ಲಿ ಕಟ್ಟುವವನಿಗೆ ಮಾತ್ರ ಇರುವ ಅನುಕೂಲವಿದು. ಗುತ್ತಿಗೆದಾರನಾಗಿದ್ದರೆ ಅದರ ಮೇಲೆಯೇ ಜಲ್ಲಿ ಸುರಿದು ಬಿಲ್ಲು ಕೊಡುತ್ತಿದ್ದ.

ಇಡೀ ಪಾಯವನ್ನು ಒಮ್ಮೆಲೇ ತೋಡಿ ಬಿಡುವುದೂ ಇಲ್ಲ. ಒಂದು ಗೋಡೆಯಷ್ಟು ತೋಡಿ, ಕೊನೆಯ ಅರ್ಧ ಅಡಿಯನ್ನು ಹಾಗೇ ಬಿಟ್ಟು, ಮೇಲೆ ತಗಡು, ಅಡಿಕೆ ಸೋಗೆ ಮುಚ್ಚುತ್ತಾರೆ. ಹೊಳವಾದ ದಿನ ಬೆಳಿಗ್ಗೆ ಆ ಅರ್ಧ ಅಡಿ ಕಡಿದು ಅಂದೇ ಬೆಡ್ಡು ಕಾಂಕ್ರೀಟು ಹಾಕುತ್ತಾರೆ. ನೀರು ನಿಂತು ತಳ ರಾಡಿಯಾಗಿದ್ದರೆ ಅದನ್ನು ಕೆರೆದು ತೆಗೆಯಲೇಬೇಕು. ಕೆರೆದ ಜಾಗಕ್ಕೆ ಮಣ್ಣು ತುಂಬಿ ತುಳಿಯುವಂತಿಲ್ಲ, ಕಾಂಕ್ರೀಟನ್ನೇ ತುಂಬಬೇಕು. ಒಂದು ಮೂಲೆಯಲ್ಲಿ ತಳಕ್ಕಿಂತ ಕೆಳಗೆ ಬಕೇಟು ಮುಳುಗುವಷ್ಟು ಗುಂಡಿ ಮಾಡಿಟ್ಟರೆ ನೀರೆಲ್ಲ ಅಲ್ಲಿಗೆ ಇಳಿಯುತ್ತದೆ, ಮೊಗೆಯುವುದು ಸುಲಭ.

ಇನ್ನು ನಮ್ಮ ಮನೆಯ ಮಾತು. ಜೆಸಿಬಿಯವನು ಈಗ ಕಡಿಮೆಗೆ ಬರುತ್ತೇನೆಂದಿದ್ದಾನೆ ಎಂದು ಬರೆದಿದ್ದೀಯ. ಇಲ್ಲಿ ನಡೆಯುತ್ತಿರುವುದನ್ನು ನೋಡಿ ಧೈರ್ಯ ಮಾಡಬೇಡ. ಇಲ್ಲಿಯ ಚಿರೆಕಲ್ಲು ಮಳೆಯಲ್ಲೂ ನೆಟ್ಟಗೆ ನಿಲ್ಲುತ್ತದೆ, ಎರೆಮಣ್ಣು ನಿಲ್ಲುವುದಿಲ್ಲ. ನೀರು ಕುಡಿದು ಉಬ್ಬಿದ ಎರೆಯ ಮೇಲೆ ಪಾಯ ಹಾಕಿದರೆ ಬೇಸಿಗೆಗೆ ಅದು ಕುಗ್ಗುತ್ತದೆ, ಗೋಡೆ ಬಿರಿಯುತ್ತದೆ. ನಮ್ಮ ಓಣಿಯ ಮನೆಗಳ ಬಿರುಕು ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಮುಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೇವಲ್ಲ. ಗರಸು ತೀರ ಆಳದಲ್ಲಿದ್ದರೆ ಇನ್ನೊಂದು ದಾರಿಯಿದೆ: ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ಸುಮಾರು 3.5 ಮೀಟರು ಆಳಕ್ಕೆ ಇಳಿಸುವುದು. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆನೆಲಕ್ಕೆಂದೇ ಇದನ್ನು ರೂಪಿಸಿದ್ದಾರೆ. ಖರ್ಚು ಎಷ್ಟಾಗುತ್ತದೆಂದು ಎಂಜಿನಿಯರರನ್ನು ಕೇಳಿಯೇ ತೀರ್ಮಾನ ಮಾಡೋಣ.

ಜೆಸಿಬಿಯವನಿಗೆ ದೀಪಾವಳಿ ಆದಮೇಲೆ ಬಾ ಎಂದು ಹೇಳು, ಮುಂಗಡ ಕೊಡಬೇಡ. ಮಳೆ ಹೊಳವಾದಾಗ ಜಾಗದ ಎರಡು ಎದುರು ಮೂಲೆಯಲ್ಲಿ ಒಂದೊಂದು ಚಿಕ್ಕ ಗುಂಡಿ ತೋಡಿಸಿ, ಎಷ್ಟು ಅಡಿಗೆ ಗರಸು ಸಿಕ್ಕಿತು ಎಂದು ಅಳೆದು ನನಗೆ ಬರೆ. ಅಳೆದ ಕೂಡಲೇ ಗುಂಡಿ ಮುಚ್ಚಿಸು, ಆ ದಾರಿಯಲ್ಲಿ ಮಕ್ಕಳು ಸಾಲಿಗೆ ಹೋಗುತ್ತಾರೆ.

ನಿನ್ನ ತಮ್ಮ