ಉಳುವ ಎತ್ತಿಗೆ ಓಟದ ಗೆಜ್ಜೆ

ದಾಂಡೇಲಿಯಲ್ಲಿ ‘ಡ್ರ್ಯಾಗ್ ರೇಸ್’ ಎಂಬ ಮಾತನ್ನು ಮೊದಲು ಆಡಿದವರು ನಾನೂ ನನ್ನ ದೋಸ್ತನೂ ಇರಬೇಕು. ದೋಸ್ತನ ಅಪ್ಪ ಕಟ್ಟಿಗೆ ಡಿಪೋದಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ನಮ್ಮ ವಿವರಣೆಯನ್ನೆಲ್ಲ ಕೇಳಿ, ‘ಡ್ರ್ಯಾಗ್ ಅಂದ್ರ ಎಳಿಯೂದಲ್ಲೇನಪಾ? ಮೂವತ್ತು ವರ್ಷ ಕಾಡಿನಾಗಿಂದ ದಿಮ್ಮಿ ಎಳಸೇನಿ. ಒಬ್ಬರೂ ಒಂದು ಕಪ್ಪು ಕೊಡಲಿಲ್ಲ’ ಎಂದು ಬೀಡಿ ಹಚ್ಚಿದರು.

1989ರ ಮಳೆಗಾಲ. ದಾಂಡೇಲಿ ಮಳೆ ಹಿಡಿಯಿತೆಂದರೆ ಯೋಜನೆ ಹಾಕುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಹುಬ್ಬಳ್ಳಿಯ ರದ್ದಿ ಅಂಗಡಿಯಿಂದ ತಂದ, ರಕ್ಷಾಪುಟ ಹರಿದ ಒಂದು ಅಮೆರಿಕನ್ ಕಾರು ಪತ್ರಿಕೆ ನಮ್ಮ ಕೈಯಲ್ಲಿತ್ತು. ಅದರ ತುಂಬ ಬಿಗ್ ಬ್ಲಾಕ್ ಎಂಜಿನ್‌ಗಳು. ಷೆವರ್ಲೆಯ 454 ಘನ ಇಂಚಿನದೊಂದು, ಅಂದರೆ 7.4 ಲೀಟರು, ನಮ್ಮ ಮನೆಯ ನೀರಿನ ಕೊಡಕ್ಕಿಂತ ಒಂದಿಷ್ಟು ಸಣ್ಣದು. ಡ್ರ್ಯಾಗ್ ರೇಸ್ ಎಂದರೆ ಇಷ್ಟೇ: ಎರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ, ದೀಪ ಹತ್ತುತ್ತದೆ, ಕಾಲು ಮೈಲಿ, ಅಂದರೆ 402 ಮೀಟರು ನೆಟ್ಟಗೆ ಓಡುತ್ತವೆ, ಮುಗಿಯಿತು. ತಿರುವಿಲ್ಲ, ಘಟ್ಟವಿಲ್ಲ, ಎದುರಿಗೆ ಬಸ್ಸಿಲ್ಲ. ಜೋಯಿಡಾ ಕಡೆಯವರಿಗೆ ಇದು ರಸ್ತೆಯೇ ಅಲ್ಲ.

ಡಾನ್ ಗಾರ್ಲಿಟ್ಸ್ ಎಂಬ ಓಟಗಾರನ ಕಥೆಯೂ ಹೇಗೋ ನಮ್ಮ ಕಿವಿಗೆ ಬಿದ್ದಿತ್ತು. 1970ರಲ್ಲಿ ಓಟ ಶುರುವಾಗುವ ಗೆರೆಯ ಮೇಲೆಯೇ ಗಾಡಿಯ ಟ್ರಾನ್ಸ್‌ಮಿಷನ್ ಸಿಡಿದು ಬಲಪಾದದ ಒಂದು ಭಾಗವೇ ಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಆತ ಎಂಜಿನ್ನನ್ನು ಬೆನ್ನ ಹಿಂದೆ ಇಡುವ ಗಾಡಿಯ ಯೋಚನೆ ಮಾಡಿದ. ಮರುವರ್ಷ ಅದನ್ನೇ ಓಡಿಸಿ ಗೆದ್ದ. ನಮ್ಮ ಪಾದಗಳು ನೆಟ್ಟಗಿದ್ದವು, ಹಾಸಿಗೆಯೂ ಇತ್ತು. ಎಂಜಿನ್ ಮಾತ್ರ ಬೇಕಾಗಿತ್ತು.

ಅದು ಮಿಸ್ತ್ರಿ ಚಾಚಾನ ಗ್ಯಾರೇಜಿನ ಹಿಂದೆ, ಹಲಸಿನ ಮರದ ಕೆಳಗಿತ್ತು. ಆಗ ಜೀಪು ಇದ್ದವರೆಲ್ಲ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುತ್ತಿದ್ದರು. ಹಾಗೆ ಇಳಿದದ್ದು ಈ ಮಹೀಂದ್ರಾ ಜೀಪಿನ ಹರಿಕೇನ್. ನಾಲ್ಕು ಸಿಲಿಂಡರು, 2,199 ಸಿಸಿ, 72 ಕುದುರೆ. ಹೆಸರು ಚಂಡಮಾರುತ, ಆದರೆ ಸಂಪಿನಲ್ಲಿ ಕೋಳಿಯೊಂದು ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಮಾರುತಿ ಕಾರು 796 ಸಿಸಿ, ಪದ್ಮಿನಿ 1,089 ಸಿಸಿ ಇದ್ದ ಕಾಲ. ನಮ್ಮ ಪಾಲಿಗೆ ಇದೇ ಬಿಗ್ ಬ್ಲಾಕ್. ಮರಿಗಳು ಹೊರಬರುವ ತನಕ ಕೈ ಹಚ್ಚಬಾರದೆಂದು ಚಾಚಿ ಕಟ್ಟಪ್ಪಣೆ ಮಾಡಿದ್ದರಿಂದ, ಲೆಕ್ಕ ಹಾಕಲು ಹನ್ನೆರಡು ದಿನ ಹೆಚ್ಚಿಗೆ ಸಿಕ್ಕವು.

ನಮ್ಮ ಎದುರಾಳಿ ಊರಿನ ಗುತ್ತಿಗೆದಾರರೊಬ್ಬರ ಮಗನ ಯಮಹಾ ಆರ್‌ಎಕ್ಸ್ 100. ಬರೇ 98 ಸಿಸಿ, 11 ಕುದುರೆ, ಮೈತೂಕ ನೂರು ಕಿಲೋ ಚಿಲ್ಲರೆ. ಅಂಬೇವಾಡಿ ರಸ್ತೆಯಲ್ಲಿ ಅದು ಕಿರ್ರೆಂದು ಹೋದರೆ ಮನೆಯೊಳಗಿನ ಪಾತ್ರೆಗಳು ಸಹ ತಿರುಗಿ ನೋಡುತ್ತಿದ್ದವು. ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೆ: ಬೈಕು, ಸವಾರ ಸೇರಿ 163 ಕಿಲೋ, ಭಾಗಿಸು 11, ಒಂದು ಕುದುರೆಗೆ ಸುಮಾರು 15 ಕಿಲೋ. ಜೀಪು, ಚಾಲಕ ಸೇರಿ 1,080 ಕಿಲೋ, ಭಾಗಿಸು 72. ಅದೂ 15! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ದೋಸ್ತ ಬಂದು, ‘ನಾನೂ ಕುಂದರಾಂವ. ನಮ್ಮಣ್ಣನೂ ಬರ್ತಾನಂತ. ಟೈಮ್ ನೋಡಾಕ ಅವನ ಗೆಳೆಯ ಒಬ್ಬ ಬೇಕಲ್ಲ’ ಎಂದ. ನಾಲ್ಕು ಮಂದಿ ಕೂತರೆ ಕುದುರೆಗೆ ಹದಿನೇಳೂವರೆ ಕಿಲೋ. ಮಾಲಕರು ಇಬ್ಬರು, ಅಣ್ಣ ರೊಕ್ಕ ಕೊಟ್ಟವ, ವಾಚು ಅವನ ಗೆಳೆಯನದು. ಯಾರನ್ನು ಇಳಿಸುವುದು?

ಕೋಳಿ ಎದ್ದಿತು. ಹೆಡ್ ಬಿಚ್ಚಿದ ಚಾಚಾ ತೋರುಬೆರಳಿನ ಉಗುರನ್ನು ಸಿಲಿಂಡರಿನೊಳಗೆ ಕೆಳಗಿನಿಂದ ಮೇಲಕ್ಕೆ ನಿಧಾನ ಎಳೆದ. ಮೇಲಂಚಿಗೆ ಅರ್ಧ ಬೆರಳು ಇರುವಾಗ ಉಗುರು ‘ಟಿಕ್’ ಎಂದು ನಿಂತಿತು. ನನ್ನ ಬೆರಳನ್ನೂ ಹಿಡಿದು ಎಳೆಸಿದ. ಪಿಸ್ಟನ್ನಿನ ರಿಂಗು ವರ್ಷಗಟ್ಟಲೆ ಓಡಾಡಿ ಗೋಡೆ ಸವೆಸಿದ ಜಾಗ ಕೆಳಗೆ, ರಿಂಗು ಮುಟ್ಟದ ಜಾಗ ಮೇಲೆ. ನಡುವೆ ಕಣ್ಣಿಗೆ ಕಾಣದ ಒಂದು ಮೆಟ್ಟಿಲು. ‘ಉಗುರು ಎಡವಿತು ಅಂದ್ರ ಬೋರ್ ಹೋಗೇತಿ. ಹುಬ್ಬಳ್ಳಿಗೆ ಒಯ್ಯಿರಿ, ನಲವತ್ತು ಸೈಜ್ ಹೊಡಸ್ರಿ’ ಎಂದ. ನಲವತ್ತು ಎಂದರೆ ಇಂಚಿನ ಸಾವಿರ ಪಾಲಿನಲ್ಲಿ ನಲವತ್ತು ಪಾಲು, ಸುಮಾರು ಒಂದು ಮಿಲಿಮೀಟರು. ಆ ಒಂದು ಮಿಲಿಮೀಟರಿಗಾಗಿ ಪೇಪರ್ ರೀಲ್ ಹೇರಿದ ಲಾರಿಯೊಂದರ ಸಂದಿಯಲ್ಲಿ ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿ, ಮಗುವಿನ ಹಾಗೆ ನಡುವೆ ಮಲಗಿಸಿಕೊಂಡು ಹುಬ್ಬಳ್ಳಿಗೆ ಹೋಗಿಬಂದೆವು.

ಜಗಳ ಹತ್ತಿದ್ದು ಹೆಡ್ಡಿನ ಮೇಲೆ. ಪತ್ರಿಕೆಯ ಪ್ರಕಾರ ಹೆಡ್ ಫೇಸಿಂಗ್ ಮಾಡಿ ಒಂದಿಷ್ಟು ತೆಗೆದರೆ ಉರಿಯುವ ಜಾಗ ಕಿರಿದಾಗಿ ಕಂಪ್ರೆಷನ್ ಏರುತ್ತದೆ, ಶಕ್ತಿ ಹೆಚ್ಚುತ್ತದೆ. ನಮ್ಮದು ಏಳರ ಆಸುಪಾಸು. ಒಂಬತ್ತು ಮಾಡಬೇಕೆಂದು ನಾವು. ಚಾಚಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ‘ಬಂಕಿನಾಗ ಸಿಗೂ ಪೆಟ್ರೋಲು ಯಾವುದು? ಎಂಬತ್ತೇಳು ಆಕ್ಟೇನ್. ಅದಕ್ಕ ಒಂಬತ್ತು ಕೊಟ್ರ ಪ್ಲಗ್ ಕಿಡಿ ಹೊಡಿಯೂದು ಮುಗದು ಬೆಂಕಿ ಹರಡೂದ್ರಾಗ, ಮೂಲ್ಯಾಗ ಉಳದದ್ದು ತಾನ ಸಿಡೀತತಿ. ಒಳಗ ಕಲ್ಲು ಕುಟ್ಟಿದಂಗ ಕೇಳ್ತತಿ. ಎಂಟು ದಿನಕ್ಕ ಪಿಸ್ಟನ್ ತೂತು.’

‘ನಮಗ ಬೇಕಾದ್ದು ಎಂಟು ದಿನ ಅಲ್ಲ ಚಾಚಾ, ನಾನೂರಾ ಎರಡು ಮೀಟರ್’ ಎಂದ ದೋಸ್ತ.

‘ಮುಂದ? ಅಲ್ಲಿಂದ ಮನಿಗೆ ಯಾರು ತರ್ತಾರ, ನಿಮ್ಮಪ್ಪ ದಿಮ್ಮಿ ಎಳದಂಗ ಎಳಕೊಂಡ ಬರ್ತಾನೇನು?’

ಅವನ ನಂಬಿಕೆಯ ಎಂಜಿನ್ ಎಂದರೆ ಅಣಶಿ ಘಟ್ಟದಲ್ಲಿ, ಆಷಾಢದ ರಾತ್ರಿ ಹನ್ನೊಂದಕ್ಕೆ, ಒಳಗೆ ಬಸುರಿ ಹೆಂಗಸು ಇರುವಾಗ ನಿಲ್ಲದ ಎಂಜಿನ್. ನಮ್ಮದು ಹಗಲು ಹೊತ್ತಿನ ಹದಿನೇಳೋ ಹದಿನೆಂಟೋ ಸೆಕೆಂಡಿನ ನಂಬಿಕೆ. ಬ್ಲಾಕಿನೊಳಗೆ ಎಣ್ಣೆ ಹರಿಯುವ ತೂತುಗಳನ್ನು ಸೈಕಲ್ ಕಡ್ಡಿಗೆ ಅರಿವೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಎರಡು ದಿನ ತಿಕ್ಕಿಸಿದ. ಮೂರನೇ ದಿನ ತನ್ನ ಬಿಳಿ ಟೊಪ್ಪಿಗೆಯ ಅಂಚನ್ನೇ ಒಳಗೆ ತೂರಿ ಎಳೆದ; ಕಪ್ಪು ಹತ್ತಿತು. ಮತ್ತೊಂದು ದಿನ ತಿಕ್ಕಿದೆವು.

ಒಂದು ಭಾನುವಾರ ಅವನೇ ನಮ್ಮನ್ನು ಹಳಿಯಾಳದ ಹತ್ತಿರ ಖಾಲಿ ಗಾಡಾ ಓಡಿಸುವ ಶರತ್ತಿಗೆ ಕರೆದೊಯ್ದ. ಬಿತ್ತನೆಯಾಗದ ಹೊಲ, ನೆತ್ತಿಯ ಮೇಲೆ ಬಿಸಿಲು, ಮೈಕಿನಲ್ಲಿ ಮರಾಠಿ ಮತ್ತು ಕನ್ನಡ ಒಂದೇ ಉಸಿರಿನಲ್ಲಿ. ಹುರುಳಿ, ಹಿಂಡಿ ತಿಂದು ಹೊಳೆಯುವ ಎತ್ತುಗಳು. ನಮ್ಮವರ ಲೆಕ್ಕ ಅಮೆರಿಕದವರ ಲೆಕ್ಕಕ್ಕೆ ಉಲ್ಟಾ ಎಂದು ಅಲ್ಲಿಯೇ ಗೊತ್ತಾಯಿತು. ಅವರು ದೂರವನ್ನು ಕಟ್ಟಿಹಾಕಿ ಹೊತ್ತನ್ನು ಅಳೆಯುತ್ತಾರೆ. ಇಲ್ಲಿ ಒಂದು ನಿಮಿಷ ಎಂದು ಹೊತ್ತನ್ನು ಕಟ್ಟಿ, ಎತ್ತು ಎಲ್ಲಿಗೆ ಮುಟ್ಟಿತೋ ಅಲ್ಲಿಯವರೆಗೆ ಟೇಪು ಹಿಡಿಯುತ್ತಾರೆ. ಅಮೆರಿಕದಲ್ಲಿ ಸೋತವನೂ ಕಾಲು ಮೈಲಿ ಮುಟ್ಟಬೇಕು. ಇಲ್ಲಿ ಸೋತ ಎತ್ತಿಗೆ ಅಷ್ಟು ನಡೆಯುವುದು ತಪ್ಪುತ್ತದೆ. ನನಗಂತೂ ಇದೇ ಹೆಚ್ಚು ದಯೆಯ ಪದ್ಧತಿ ಎನ್ನಿಸಿತು.

ಚಾಚಾ ಒಂದು ಜೋಡಿಯ ಕಾಲು ತೋರಿಸಿದ. ‘ಇವು ಓಡೂ ಎತ್ತು. ಸಣ್ಣ ಹೆಜ್ಜಿ, ಭಾಳ ಹೆಜ್ಜಿ. ನಿಮ್ಮ ಹರಿಕೇನ್ ಉಳೂ ಎತ್ತು. ಬೋರ್ ಸಣ್ಣದು, ಸ್ಟ್ರೋಕ್ ಉದ್ದ. ಉದ್ದ ಹೆಜ್ಜಿ ಇಡೂದಕ್ಕ ಗಡಿಬಿಡಿ ಮಾಡಬಾರದು.’ ಲೆಕ್ಕ ನೋಡಿದರೆ ನಿಜ. ಬೋರ್ 79 ಮಿಲಿಮೀಟರು, ಸ್ಟ್ರೋಕ್ 111. ಆರ್‌ಎಕ್ಸಿನದು ಎರಡೂ ಐವತ್ತು. ನಮ್ಮದು ನಾಲ್ಕು ಸಾವಿರ ಸುತ್ತಿಗೆ ಏದುಸಿರು ಬಿಡುವಾಗ ಅದು ಏಳೂವರೆ ಸಾವಿರಕ್ಕೆ ಹಾಡು ಹೇಳುತ್ತದೆ.

ಆದರೂ ಓಟಕ್ಕೆ ಜಾಗ ಹುಡುಕುವುದನ್ನು ಬಿಡಲಿಲ್ಲ. ಜೋಯಿಡಾ ತಾಲ್ಲೂಕಿನಲ್ಲಿ ತಿರುವಿಲ್ಲದ 402 ಮೀಟರು ಹುಡುಕಿದೆವು. ಮುನ್ನೂರಕ್ಕೆ ಬಂದರೆ ಒಂದು ಹಳ್ಳ ಅಡ್ಡ, ಮುನ್ನೂರೈವತ್ತಕ್ಕೆ ಒಂದು ಕಾಡುಕೋಣ. ಕೊನೆಗೆ ಬಸ್ಸಿನ ತಲೆಯ ಮೇಲೆ ಸೈಕಲ್ ಹೇರಿಕೊಂಡು, ದೋಸ್ತನ ಅತ್ತೆಯ ಊರು ಮುಂಡಗೋಡಕ್ಕೆ ಹೋದೆವು. ಗದ್ದೆ ಬಯಲು, ಆ ಕಡೆ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ಕ್ಯಾಂಪುಗಳು, ಅವುಗಳ ನಡುವೆ ನಮ್ಮ ಕಣ್ಣಿಗೆ ಸ್ವರ್ಗದಷ್ಟು ನೆಟ್ಟಗಿನ ರಸ್ತೆ. ಸೈಕಲ್ ಗಾಲಿಯ ಸುತ್ತಳತೆ 2.2 ಮೀಟರು, 183 ಸುತ್ತು ಬಂದರೆ ಕಾಲು ಮೈಲಿ. ಕಡ್ಡಿಗೆ ಕೆಂಪು ಅರಿವೆ ಕಟ್ಟಿ, ತಳ್ಳುತ್ತ, ಬಗ್ಗಿ ಎಣಿಸುತ್ತ ಹೊರಟೆ. ನೂರಾ ಹದಿನೇಳಕ್ಕೆ ಎದುರಿಗೆ ಕೆಂಪು ನಿಲುವಂಗಿಯ ಅಂಚು ಕಂಡಿತು. ವಯಸ್ಸಾದ ಲಾಮಾ ಒಬ್ಬರು ನಮ್ಮೊಂದಿಗೆ ತಾವೂ ಬಗ್ಗಿ ನೆಲ ನೋಡುತ್ತ, ‘ಏನ್ ಕಳೀತ್ರಿ?’ ಎಂದರು.

‘ಇಲ್ರೀ, ನಾನೂರಾ ಎರಡು ಮೀಟರ್ ಹುಡಕಾಕತ್ತೇವಿ.’

ಅವರು ಗಂಭೀರವಾಗಿ ತಲೆದೂಗಿ, ತಮ್ಮ ಜಪಮಾಲೆ ತೋರಿಸಿ, ಅದರಲ್ಲಿ 108 ಇವೆ, ಬೇಕಾದರೆ ಕೊಡುತ್ತೇನೆ ಎಂದರು. ಆಮೇಲೆ ಕ್ಯಾಂಪಿಗೆ ಕರೆದೊಯ್ದು ಬೆಣ್ಣೆ ಹಾಕಿದ ಉಪ್ಪು ಚಹಾ ಕುಡಿಸಿದರು. ದೋಸ್ತ ಮೊದಲ ಗುಟುಕಿಗೆ ನನ್ನ ಮುಖ ನೋಡಿದ, ಎರಡನೇ ಲೋಟ ತಾನೇ ಕೇಳಿ ಕುಡಿದ. ಎಣಿಕೆ ಮಾತ್ರ ನೂರಾ ಹದಿನೇಳರಲ್ಲೇ ನಿಂತಿದೆ.

ಎಂಜಿನ್ ಕೂರಿಸಲು ಜೀಪು ಸಿಗಲೇ ಇಲ್ಲ. ಎಂಜಿನ್ ಕಟ್ಟಿ, ಕಲ್ಲಿನ ಮೇಲೆ ಕೂರಿಸಿ, ಹಲಸಿನ ಮರದ ಕೆಳಗೆ ಒಂದು ಸಂಜೆ ಚಾಲೂ ಮಾಡಿದೆವು. ಕೋಳಿಗಳೆಲ್ಲ ಓಡಿದವು. ಸಂಬಂಧಪಟ್ಟ ಕೋಳಿ ಮಾತ್ರ ದೂರ ನಿಂತು ನೋಡಿತು. ಮುಂದೆ ದೋಸ್ತನಿಗೆ ಪುಣೆಯಲ್ಲಿ ನೌಕರಿ, ನನಗೆ ಧಾರವಾಡದಲ್ಲಿ. ಅಣ್ಣ ತನ್ನ ರೊಕ್ಕಕ್ಕೆ ಎಂಜಿನ್ ಮಾರಿದ. ಆರ್‌ಎಕ್ಸಿನವನಿಗೆ ನಮ್ಮ ಸವಾಲು ಮುಟ್ಟಿತ್ತೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಆರೇಳು ವರ್ಷದ ನಂತರ ಜೋಯಿಡಾದಲ್ಲಿ ಬಸ್ಸು ತಪ್ಪಿ ನಿಂತಿದ್ದಾಗ ಕುಂಬಾರವಾಡಕ್ಕೆ ಹೋಗುವ ಟ್ರಿಪ್ ಜೀಪೊಂದು ಬಂತು. ಡ್ರೈವರ್ ಅದನ್ನು ಚಾಲೂ ಇಟ್ಟೇ ಜನ ತುಂಬುತ್ತಿದ್ದ. ಆ ಸದ್ದಿನಲ್ಲಿ ಮೂರು ಹೊಡೆತ ಸರಿ, ನಾಲ್ಕನೆಯದು ಸ್ವಲ್ಪ ಯೋಚಿಸಿ. ಬಾನೆಟ್ ಎತ್ತಿಸಿ ನೋಡಿದೆ. ಟ್ಯಾಪೆಟ್ ಕವರಿನ ಮೇಲೆ ನಾನೇ ಮೊಳೆಯಲ್ಲಿ ಕೆತ್ತಿದ 402.

‘ಪೆಟ್ರೋಲ್ ಎಂಜಿನ್ ಪೂರೈಸ್ತದೇನ್ರಿ?’ ಎಂದೆ.

ಡ್ರೈವರ್ ಆಚೀಚೆ ನೋಡಿ ದನಿ ತಗ್ಗಿಸಿದ. ‘ಅರ್ಧ ಸೀಮೆಎಣ್ಣಿರೀ. ಬ್ಯಾರೆ ಎಂಜಿನ್ ಆಗಿದ್ರ ಕಟಕಟ ಅಂದು ಯಾವಾಗೋ ಸತ್ತು ಹೋಗ್ತಿತ್ತು. ಇದರ ಹೆಡ್ ಯಾರೂ ಕೆರದಿಲ್ಲ, ಪುಣ್ಯಾತ್ಮರು.’

ಹಿಂದಿನ ಬಾಗಿಲಿಗೆ ಜೋತುಬಿದ್ದೆ. ಎಣಿಸಿದೆ: ನನ್ನನ್ನು ಸೇರಿಸಿ ಹದಿನಾರು ಮಂದಿ, ಎರಡು ಅಕ್ಕಿ ಮೂಟೆ. ಕುದುರೆಗೆ ಎಷ್ಟು ಕಿಲೋ ಎಂದು ಮನಸ್ಸಿನಲ್ಲೇ ಭಾಗಿಸುತ್ತಿರುವಾಗ, ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಮೊಣಕೈಯಿಂದ ತಿವಿದು, ‘ಒಂದೀಟು ಆ ಕಡಿ ಸರಿಯೋ ತಮ್ಮಾ, ಹುಂಜಕ್ಕ ಉಸರ ಕಟ್ಟಾಕತ್ತೇತಿ’ ಎಂದಳು.