ತಿರಿ ಎಂದರೆ ಕಣಜವಲ್ಲ

ಭಾಷಾ ಸಂಶೋಧನೆಯೆಂದರೆ ವಿದ್ವಾಂಸರು ಹಳ್ಳಿಗೆ ಬಂದು, ಹಿರಿಯರನ್ನು ಕೂರಿಸಿ ಪ್ರಶ್ನೆ ಕೇಳಿ, ಟಿಪ್ಪಣಿ ಪುಸ್ತಕ ತುಂಬಿಸಿಕೊಂಡು ಹಿಂದಿರುಗುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಾಗೆ ಹೋದ ಮಾತುಗಳು ಎಲ್ಲಿ ಸೇರಿದವೆಂಬುದು ಹೇಳಿದವರಿಗೆ ತಿಳಿಯುವುದು ಅಪರೂಪ. ಗ್ರಿಯರ್ಸನ್ ಅವರ ನೇತೃತ್ವದಲ್ಲಿ 1894ರಿಂದ 1928ರವರೆಗೆ ನಡೆದ ಭಾಷಾ ಸಮೀಕ್ಷೆಗೆ ಮಾದರಿಗಳನ್ನು ಕಳುಹಿಸಿದವರಲ್ಲಿ ಸರಕಾರಿ ಅಧಿಕಾರಿಗಳೇ ಹೆಚ್ಚು. ಮೈಸೂರು, ಹೈದರಾಬಾದು, ಮದರಾಸುಗಳು ಅದರ ವ್ಯಾಪ್ತಿಗೆ ಹೊರಗಿದ್ದವು. ನಮ್ಮ ಕುಂದಾಪುರ ಆಗ ಮದರಾಸು ಪ್ರಾಂತದಲ್ಲಿತ್ತು. ಗಣೇಶ ದೇವಿಯವರು 2010ರಲ್ಲಿ ಜನಭಾಷಾ ಸಮೀಕ್ಷೆಯನ್ನು ಆರಂಭಿಸಿದಾಗ ಈ ಕ್ರಮ ಬದಲಾಯಿತು. ಸುಮಾರು 3,000 ಮಂದಿ ಸ್ವಯಂಸೇವಕರು ಅದರಲ್ಲಿ ದುಡಿದರು. ತಮ್ಮ ನುಡಿಯ ಬಗ್ಗೆ ತಾವೇ ಬರೆದವರೂ ಅವರಲ್ಲಿದ್ದರು. 780 ಭಾಷೆಗಳು ದಾಖಲಾದವು.

ಇದನ್ನೆಲ್ಲ ನೆನೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ತಮ್ಮ ಊರಿನ ಬೇಸಾಯದ ಮಾತುಗಳನ್ನು ಕಲೆಹಾಕುತ್ತಿದ್ದಾರೆ. ಅವರಿಗೆ ನಾನು ವಿಧಿಸಿದ ನಿಯಮ ಒಂದೇ: ಕಿವಿಗೆ ಬಿದ್ದದ್ದನ್ನು ಬಿದ್ದಂತೆಯೇ ಬರೆಯಿರಿ. ಶಾಲೆಯಲ್ಲಿ ಓದಿದ ಕೈ 'ಬಪ್ಪುದ್' ಎಂದು ಕೇಳಿ 'ಬರುವುದು' ಎಂದು ಬರೆಯುತ್ತದೆ; 'ಹೋಪುದ್' ಎಂಬುದನ್ನು 'ಹೋಗುವುದು' ಮಾಡುತ್ತದೆ. ಹಳಗನ್ನಡದ ಬರ್ಪ, ಪೋಪ, ಇರ್ಪ ರೂಪಗಳ ಪಕಾರ ಈ ಆಡುನುಡಿಯಲ್ಲಿ ಇಂದಿಗೂ ಉಸಿರಾಡುತ್ತಿದೆ. ತಿದ್ದಿ ಬರೆದರೆ ಆ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಪಟ್ಟಿ ಒಂದು ಹದಕ್ಕೆ ಬಂದಾಗ, ಅಚ್ಚಿಗೆ ಕೊಡುವ ಮೊದಲು ಅದನ್ನು ಹೇಳಿದವರ ಮುಂದೆಯೇ ಗಟ್ಟಿಯಾಗಿ ಓದಬೇಕೆಂದು ಹುಡುಗರೇ ತೀರ್ಮಾನಿಸಿದರು. ಶಾಲೆಯ ಜಗಲಿಯಲ್ಲಿ ಹದಿನೈದಿಪ್ಪತ್ತು ಮಂದಿ ಸೇರಿದ್ದರು. 'ತಿರಿ: ಭತ್ತದ ಕಣಜ' ಎಂದು ಓದಿದ್ದೇ ತಡ, ಹಿರಿಯ ಹೆಂಗಸೊಬ್ಬರು ಕೈಯೆತ್ತಿ ತಡೆದರು: "ಮನಿ ಒಳ್ಗ್ ಇಪ್ಪುದ್ ಕಣಜ, ಮಕ್ಳೆ. ತಿರಿ ಅಂಗ್ಳದಗೆ ಕಟ್ಟುದ್." ಹುಲ್ಲಿನ ಹಗ್ಗವನ್ನು ಸುತ್ತುತ್ತ ಸುತ್ತುತ್ತ ಭತ್ತ ತುಂಬುವ ಬಗೆ, ಮೇಲೆ ಮಳೆ ಇಳಿಯದಂತೆ ಹುಲ್ಲು ಹೊದಿಸುವ ಬಗೆ, ಎಲ್ಲವನ್ನೂ ಅವರು ಕೈಸನ್ನೆಯಲ್ಲೇ ಕಟ್ಟಿ ತೋರಿಸಿದರು. ಅಷ್ಟರಲ್ಲಿ ಪಕ್ಕದವರಿಗೆ ಮೇಟಿಕಂಬ ನೆನಪಾಯಿತು, ಇನ್ನೊಬ್ಬರಿಗೆ ಮುಡಿ ಕಟ್ಟುವವರ ಲೆಕ್ಕಾಚಾರ. ಮನೆಮನೆ ಸುತ್ತಿ ಪ್ರಶ್ನೆ ಕೇಳಿದಾಗ ಬಾರದಿದ್ದ ಮಾತುಗಳು, ಪಟ್ಟಿಯನ್ನು ಹಿಂದಿರುಗಿಸಿದಾಗ ತಾವಾಗಿಯೇ ಬಂದವು. (ಕೆಲವು ಬೈಗುಳಗಳೂ ಬಂದವೆನ್ನಿ. ಅವನ್ನೂ ಬರೆದುಕೊಂಡಿದ್ದಾರೆ, ಜಾತಿಯನ್ನು ಹಿಡಿದು ನಿಂದಿಸುವಂಥವನ್ನು ಹೇಗೆ ಅಚ್ಚು ಮಾಡುವುದೆಂಬ ಚರ್ಚೆ ಮುಗಿದಿಲ್ಲ.)

ನಮ್ಮ ನೆರೆಯಲ್ಲೇ, ಉಡುಪಿಯಲ್ಲಿ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ನಡುವೆ ಹೊರಬಂದವು. ಪ್ರದೇಶ ಬದಲಾದಂತೆ, ಸಮುದಾಯ ಬದಲಾದಂತೆ ಪದ ರೂಪಾಂತರಗೊಳ್ಳುವುದನ್ನು ಅದರಲ್ಲಿ ಕಾಣಬಹುದು. ಅಂಥ ಮಹಾಕಾರ್ಯಕ್ಕೆ ಪಂಡಿತರೇ ಬೇಕು. ಆದರೆ ತಿರಿಗೂ ಕಣಜಕ್ಕೂ ಇರುವ ಅಂತರವನ್ನು ಹೇಳಲು, ತಿರಿ ಕಟ್ಟಿದವರೇ ಬೇಕು. ನಮ್ಮ ಹುಡುಗರು ಸುತ್ತಾಡಿದ ಗದ್ದೆಗಳಲ್ಲಿ ಎಷ್ಟೋ ಹಡಿಲು ಬಿದ್ದಿವೆ. ಅಂದು ತಡೆದು ತಿದ್ದಿದ ಆ ಹಿರಿಯರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಮುಂದಿನ ಓದು ಆಸಾಡಿ ಅಮಾಸಿಯಂದು, ಅದೇ ಜಗಲಿಯಲ್ಲಿ. ಪ್ರತಿಯೊಂದು ಪದದೊಡನೆ ಊರು, ಹೇಳಿದವರ ವಯಸ್ಸು, ಕಸುಬು ಇರಲಿ. ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ. ಮೀನುಗಾರಿಕೆಯ ಮಾತುಗಳು ಇನ್ನೂ ಪಟ್ಟಿಗೆ ಬಂದಿಲ್ಲ. ಗಂಗೊಳ್ಳಿಯ ಕಡೆ ನಂಟರಿರುವವರು ದಯವಿಟ್ಟು ಅವರನ್ನು ಕರೆತನ್ನಿ.